ಕಲಮು, ಕಾಗದ ಮತ್ತು ಮಕ್ಕಳ ಕೈಯ ಫೋನು

ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ, ಕೊಟ್ಟರೆ ಯಾವ ವಯಸ್ಸಿಗೆ, ಹೆಣ್ಣುಮಕ್ಕಳಿಗೂ ಕೊಡಬೇಕೇ ಎಂಬ ಚರ್ಚೆ ಇಂದು ಮಸೀದಿಯ ಅಂಗಳದಿಂದ ಮದುವೆ ಮನೆಯವರೆಗೆ ಎಲ್ಲ ಕಡೆ ನಡೆಯುತ್ತಿದೆ. ಇಂಥದ್ದೊಂದು ಸಮಸ್ಯೆ ಹಿಂದಿನ ಯಾವ ತಲೆಮಾರಿಗೂ ಎದುರಾಗಿರಲಿಲ್ಲ ಎಂಬಂತೆ ನಾವು ಮಾತಾಡುತ್ತೇವೆ. ಆದರೆ ಉರ್ದು ಸಾಹಿತ್ಯದ ಹಳೆಯ ಪುಟಗಳನ್ನು ತಿರುವಿದವರಿಗೆ ಈ ಚರ್ಚೆಯ ದನಿ ಪರಿಚಿತವಾದುದೇ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಉತ್ತರ ಭಾರತದ ಷರೀಫ್ ಮನೆತನಗಳಲ್ಲಿ ಇದೇ ಆತಂಕ ಒಂದು ಕಲಮಿನ ಸುತ್ತ ಹೆಣೆದುಕೊಂಡಿತ್ತು.

ಹೆಣ್ಣುಮಕ್ಕಳಿಗೆ ಓದು ಕಲಿಸಲು ಅಂದಿನ ಹಿರಿಯರಲ್ಲಿ ಅನೇಕರ ತಕರಾರಿರಲಿಲ್ಲ. ಕುರ್‌ಆನ್ ಓದಲು ಬರಬೇಕಲ್ಲ! ತಕರಾರು ಇದ್ದದ್ದು ಬರೆಯುವುದರ ಬಗ್ಗೆ. ಓದಬಲ್ಲವಳು ಮನೆಯೊಳಗೇ ಇರುತ್ತಾಳೆ. ಬರೆಯಬಲ್ಲವಳ ಮಾತು ಮನೆಯ ಹೊರಗೆ ಹೋಗುತ್ತದೆ, ಅಪರಿಚಿತನ ಕಾಗದ ಒಳಗೆ ಬರುತ್ತದೆ. ಮೊದಲ ವಹೀಯಲ್ಲಿಯೇ ಓದಿನ ಜೊತೆಗೆ ಲೇಖನಿಯ ಉಲ್ಲೇಖವಿರುವ ಧರ್ಮವನ್ನು ನಂಬಿದವರು ಹೆಣ್ಣಿನ ಕೈಯ ಲೇಖನಿಗೆ ಹೆದರಿದ್ದು ವಿಚಿತ್ರವೇ ಸರಿ. ಹಾಗೆಂದು ಆ ಭಯ ಪೂರ್ತಿ ಹುಸಿಯೆಂದೂ ನಾನು ಹೇಳಲಾರೆ. ಕಾಗದದ ಮೂಲಕವೂ ಬಲೆ ಬೀಸಬಹುದಿತ್ತು. ಪ್ರಶ್ನೆ ಇರುವುದು ಆ ಭಯಕ್ಕೆ ಅವರು ಕಂಡುಕೊಂಡ ಮದ್ದಿನ ಬಗ್ಗೆ.

ಬಿಜನೋರ್ ಜಿಲ್ಲೆಯಲ್ಲಿ 1840ರಲ್ಲಿ ಹುಟ್ಟಿದ ಅಶ್ರಫುನ್ನಿಸಾ ಬೇಗಂ, ಅಂದರೆ ಬೀಬಿ ಅಶ್ರಫ್, ಈ ಮದ್ದನ್ನು ಉಂಡವರು. ಮನೆಯ ಹುಡುಗಿಯರಿಗೆ ಕಲಿಸುತ್ತಿದ್ದ ವಿಧವೆ ಉಸ್ತಾನಿ ಮರುಮದುವೆಯಾದದ್ದರಿಂದ ಪಾಠ ನಿಂತುಹೋಯಿತು. ಕುರ್‌ಆನ್ ಓದಲು ಬರುತ್ತಿತ್ತು, ಉರ್ದು ಬರುತ್ತಿರಲಿಲ್ಲ. ಹುಡುಗಿ ಹೆಂಗಸರಿಂದ ಮರ್ಸಿಯಾಗಳ ಪ್ರತಿಗಳನ್ನು ಕೇಳಿ ತಂದಳು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಕಾವಲಿಯ ಮಸಿ, ಕುಡಿಯುವ ನೀರಿನ ಮಡಕೆಯ ಮಣ್ಣಿನ ಮುಚ್ಚಳ, ಪೊರಕೆಯ ಕಡ್ಡಿ ಇಷ್ಟನ್ನು ಎತ್ತಿಕೊಂಡು ಮಾಳಿಗೆ ಹತ್ತಿ ಅಕ್ಷರಗಳನ್ನು ನೋಡಿ ನೋಡಿ ಬರೆದಳು. ತಾನು ಬರೆದದ್ದನ್ನು ತಾನೇ ಓದಲಾರಳು, ಯಾರಿಗೂ ತೋರಿಸುವಂತಿಲ್ಲ. ಮುಂದೆ ಆಕೆ ಲಾಹೋರಿನ ವಿಕ್ಟೋರಿಯಾ ಬಾಲಿಕಾ ಶಾಲೆಯಲ್ಲಿ ಅಧ್ಯಾಪಕಿಯಾದರು; ಈ ವೃತ್ತಾಂತವನ್ನು ತಾವೇ ಬರೆದು 1899ರಲ್ಲಿ ಪ್ರಕಟಿಸಿದರು. ಇದನ್ನು ಸಾಹಸದ ಕತೆಯೆಂದು ನಾವು ಮೆಚ್ಚಿಕೊಳ್ಳುತ್ತೇವೆ. ನನಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನಿಷೇಧ ಹುಡುಗಿಯನ್ನು ಅಕ್ಷರದಿಂದ ದೂರ ಇಡಲಿಲ್ಲ, ಮಾಳಿಗೆಗೆ ಅಟ್ಟಿತು ಅಷ್ಟೆ. ಆ ಮಾಳಿಗೆಯಲ್ಲಿ ಏನಾದರೂ ಕೆಟ್ಟದ್ದು ನಡೆದಿದ್ದರೆ ಕೆಳಗಿಳಿದು ಬಂದು ಆಕೆ ಯಾರಿಗೆ ಹೇಳುತ್ತಿದ್ದಳು?

ಪುಸ್ತಕಗಳ ವಿಷಯದಲ್ಲೂ ಹೀಗೆಯೇ. ಡೆಪ್ಯುಟಿ ನಝೀರ್ ಅಹ್ಮದರ 1874ರ ಕಾದಂಬರಿ ‘ತೌಬತುನ್ನಸೂಹ್’ನಲ್ಲಿ ತಂದೆ ನಸೂಹ್ ತನ್ನ ಹಿರಿಯ ಮಗನ ಪುಸ್ತಕಗಳನ್ನು ರಾಶಿ ಹಾಕಿ ಸುಡುತ್ತಾನೆ. ಮೂರು ದಶಕಗಳು ಕಳೆದವು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ‘ಬಹಿಶ್ತೀ ಝೇವರ್’ನಲ್ಲಿ ಹೆಣ್ಣುಮಕ್ಕಳು ಓದಬಾರದ ಪುಸ್ತಕಗಳ ಪಟ್ಟಿ ಕೊಟ್ಟರು. ಹೆಣ್ಣುಮಕ್ಕಳಿಗೆಂದೇ ನಝೀರ್ ಅಹ್ಮದರು ಬರೆದ ‘ಮಿರಾತುಲ್ ಉರೂಸ್’ ಅದರಲ್ಲಿ ಸೇರಿತ್ತು! ಆದರೆ ಅದೇ ಥಾನವಿಯವರು ಅದೇ ಗ್ರಂಥದಲ್ಲಿ ಅಕ್ಷರಮಾಲೆಯನ್ನೂ ಪತ್ರ ಬರೆಯುವ ಮಾದರಿಗಳನ್ನೂ ಕೊಟ್ಟಿದ್ದಾರೆ ಎಂಬುದನ್ನು ಮರೆಯಬಾರದು. ಬರೆಯಲೇಬಾರದು ಎಂಬುದರಿಂದ ಹೇಗೆ ಬರೆಯಬೇಕು ಎಂಬಲ್ಲಿಗೆ ಮಾತು ಬಂದಿತ್ತು.

ಆ ದಾರಿಯಲ್ಲಿ ಇನ್ನೂ ಮುಂದೆ ಹೋದವರು ದೇವಬಂದಿನಲ್ಲಿ ಓದಿದ್ದ ಸೈಯದ್ ಮುಮ್ತಾಝ್ ಅಲಿ ಮತ್ತು ಅವರ ಪತ್ನಿ ಮುಹಮ್ಮದೀ ಬೇಗಂ. 1898ರ ಜುಲೈನಲ್ಲಿ ಲಾಹೋರಿನಿಂದ ಅವರು ಹೊರಡಿಸಿದ ‘ತಹ್‌ಝೀಬೆ ನಿಸ್ವಾನ್’ ವಾರಪತ್ರಿಕೆಯ ಸಂಪಾದಕಿ ಮುಹಮ್ಮದೀ ಬೇಗಂ. ಬೀಬಿ ಅಶ್ರಫ್ ತಮ್ಮ ಕತೆ ಬರೆದದ್ದು ಇದೇ ಪತ್ರಿಕೆಗೆ. ಪುಕ್ಕಟೆಯಾಗಿ ಕಳಿಸಿದ ಮೊದಲ ಪ್ರತಿಗಳಲ್ಲಿ ಎಷ್ಟೋ ಪ್ರತಿಗಳು ಅಶ್ಲೀಲ ಬೈಗುಳ ಗೀಚಿಸಿಕೊಂಡು ವಾಪಸಾದವು. ಇಂದು ಟ್ರೋಲಿಂಗ್ ಎನ್ನುತ್ತೇವಲ್ಲ, ಅದು ಅಂಚೆಯಲ್ಲಿ ಬರುತ್ತಿತ್ತು. ಆದರೂ ಓದುಗಿಯರು ಬರೆದರು, ಇಂಥವರ ಮಗಳು, ಇಂಥವರ ತಾಯಿ ಎಂಬ ಹೆಸರಿನಲ್ಲಿ. ಅಲಿಗಢದ ಕವಯಿತ್ರಿ ಝಾಹಿದಾ ಖಾತೂನ್ ಶೇರ್ವಾನಿ ಝೇ ಖೇ ಶೀನ್ ಎಂಬ ಮೂರಕ್ಷರದ ಮರೆಯಲ್ಲಿ ಬರೆದರು. ಮಾತು ಹೊರಗೆ ಹೋಯಿತು, ಗುರುತು ಮನೆಯಲ್ಲೇ ಉಳಿಯಿತು. ನಿಜವಾದ ಹೆಸರು, ಶಾಲೆ, ಊರು ಜಾಲತಾಣದಲ್ಲಿ ಹಾಕಬೇಡ ಎಂದು ನಾವು ಮಕ್ಕಳಿಗೆ ಹೇಳುವುದೂ ಇದನ್ನೇ.

ಈಗ ಇಂಟರ್ನೆಟ್ಟಿನ ಕಾಲಕ್ಕೆ ಬರೋಣ. ಹೆಚ್ಚಿನ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ತೆರೆಯಲು 13 ವರ್ಷ ಆಗಿರಬೇಕು ಎನ್ನುತ್ತಾರೆ. ಈ 13 ಎಲ್ಲಿಂದ ಬಂತು? ಮನೋವಿಜ್ಞಾನಿಗಳು ಮಕ್ಕಳನ್ನು ಪರೀಕ್ಷಿಸಿ ಹೇಳಿದ್ದಲ್ಲ. ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 1998ರಲ್ಲಿ ಮಕ್ಕಳ 212 ತಾಣಗಳನ್ನು ಪರಿಶೀಲಿಸಿದಾಗ ಶೇ. 89ರಷ್ಟು ತಾಣಗಳು ಮಕ್ಕಳಿಂದ ಹೆಸರು, ವಿಳಾಸದಂಥ ವಿವರ ಪಡೆಯುತ್ತಿದ್ದವು. ತಂದೆತಾಯಿಯರ ಗಮನಕ್ಕೆ ತರುತ್ತೇವೆ ಎಂದವು ಶೇ. 7 ಮಾತ್ರ. ಆ ಅಕ್ಟೋಬರಿನಲ್ಲಿ ಕಾಪ್ಪಾ ಎಂಬ ಕಾಯ್ದೆ ಬಂತು. ಕರಡಿನಲ್ಲಿ ವಯಸ್ಸು 16 ಎಂದಿತ್ತು. ಕಂಪೆನಿಗಳು ಬೇಡವೆಂದವು, ಹದಿಹರೆಯದವರು ಸೂಕ್ಷ್ಮ ವಿಷಯಗಳ ಮಾಹಿತಿ ಹುಡುಕಲೂ ಪೋಷಕರ ಅನುಮತಿ ಬೇಕಾದೀತು ಎಂದು ನಾಗರಿಕ ಹಕ್ಕುಗಳ ಸಂಘಟನೆಗಳೂ ಆಕ್ಷೇಪಿಸಿದವು. ಕೊನೆಗೆ 13ಕ್ಕೆ ರಾಜಿಯಾಯಿತು. ಅಂದರೆ ಇದು ವ್ಯಾಪಾರಿಗಳು ಮಕ್ಕಳ ಮಾಹಿತಿ ದೋಚದಿರಲು ಎಳೆದ ಗೆರೆ. ಕೆಟ್ಟ ಮನುಷ್ಯರಿಂದ ಮಗುವನ್ನು ಕಾಯುವ ಗೆರೆಯಲ್ಲ. ಅದನ್ನು ದಾಟಲು ಹುಟ್ಟಿದ ವರ್ಷವನ್ನು ತಪ್ಪಾಗಿ ಒತ್ತಿದರೆ ಸಾಕು. ಜಾಲತಾಣಕ್ಕೆ ಕಾಲಿಡುವಾಗ ಮಗು ಕಲಿಯುವ ಮೊದಲ ಪಾಠವೇ ಸುಳ್ಳು.

ಗೆರೆ ಈಗ ಮೇಲೇರುತ್ತಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ಕ್ಕಿಂತ ಕೆಳಗಿನವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ಕ್ಕಿಂತ ಕೆಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮಿಯ ಫೋನಿಗೆ ವಾಟ್ಸಪ್ ಹಾಕಿಕೊಟ್ಟವನೇ ಮಗ, ಬಂದ ಓಟಿಪಿ ಓದಿ ಹೇಳುವವಳೇ ಮಗಳು. ಯಾರ ಒಪ್ಪಿಗೆಯನ್ನು ಯಾರು ಕೊಡುತ್ತಾರೆ?

ನಾವು ಹುಡುಕುವುದು ಯಾವಾಗಲೂ ಹೊರಗಿನ ರಾಕ್ಷಸನನ್ನು. 2017ರಲ್ಲಿ ಬ್ಲೂ ವೇಲ್ ಎಂಬ ಆಟ ಮಕ್ಕಳನ್ನು ಸಾವಿಗೆ ದೂಡುತ್ತಿದೆ ಎಂದು ದೇಶವೇ ನಡುಗಿತು. ತನಿಖೆ ನಡೆಸಿದ ಪ್ರಕರಣಗಳಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲವೆಂದು 2018ರ ಜನವರಿಯಲ್ಲಿ ಸರಕಾರವೇ ಲೋಕಸಭೆಗೆ ತಿಳಿಸಿತು. ಅದೇ ವೇಳೆ ಪೋಕ್ಸೋ ಪ್ರಕರಣಗಳ ಅಂಕಿಅಂಶಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ಅಪರಿಚಿತ ಇಲ್ಲವೆಂದಲ್ಲ. ಅವನು ನಡೆದುಕೊಳ್ಳುವ ರೀತಿ ಈಗ ಎಲ್ಲರಿಗೂ ಗೊತ್ತು. ಸುಳ್ಳು ಹೆಸರಿನ ಖಾತೆ, ಸವಿಮಾತು, ಒಂದು ಫೋಟೋ ಅಥವಾ ವಿಡಿಯೋ ಕರೆ, ಮರುಕ್ಷಣದಲ್ಲೇ ಬೆದರಿಕೆ. ಆ ಬೆದರಿಕೆಯ ಒಂದೇ ಮಾತು ‘ನಿನ್ನ ಅಪ್ಪನಿಗೆ ಕಳಿಸುತ್ತೇನೆ’ ಎಂಬುದು. ಅಂದರೆ ಅವನ ಕೈಯ ಚೂರಿ ನಮ್ಮ ಮನೆಯಲ್ಲೇ ಮಸೆದದ್ದು. ಅಬ್ಬಾ ಹೊಡೆಯುತ್ತಾರೆ, ಅಣ್ಣ ಫೋನು ಕಿತ್ತುಕೊಳ್ಳುತ್ತಾನೆ, ಕಾಲೇಜು ಬಿಡಿಸಿ ನಿಕಾಹ್ ಮಾಡುತ್ತಾರೆ ಎಂದು ಹುಡುಗಿಗೆ ಖಾತ್ರಿಯಿದ್ದಷ್ಟೂ ಅವನ ಕೆಲಸ ಸಲೀಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಇಂಟರ್ನೆಟ್ ಬಳಸಿದ್ದ ಪುರುಷರು ಶೇ. 57, ಮಹಿಳೆಯರು ಶೇ. 33. ಕಲಮಿನ ಕಾಲದ ಲೆಕ್ಕ ಇನ್ನೂ ತೀರಿಲ್ಲ.

ಮಗು ಬಾಯಿಬಿಟ್ಟು ಹೇಳಿದರೆ ಮಾಡಬಹುದಾದದ್ದು ಬಹಳಷ್ಟಿದೆ. ಮಕ್ಕಳ ಅಶ್ಲೀಲ ಚಿತ್ರ ಹರಡುವುದಕ್ಕೆ 2009ರ ಅಕ್ಟೋಬರಿನಿಂದ ಐಟಿ ಕಾಯ್ದೆಯ 67ಬಿ ಕಲಮಿದೆ, 2012ರಿಂದ ಪೋಕ್ಸೋ ಇದೆ. ಮಕ್ಕಳ ಸಹಾಯವಾಣಿ 1098. 18ರೊಳಗಿನವರ ನಗ್ನಚಿತ್ರಗಳನ್ನು ತೆಗೆಸಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ; ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳ ಇಂಥ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಬೆದರಿಸಿದವನನ್ನು ಹಿಡಿಯಲು ಪೊಲೀಸರಿಗೆ ಬೇಕಾಗುವುದು ಅವನು ಕಳಿಸಿದ ಸಂದೇಶಗಳು, ಅವನ ಖಾತೆಯ ಹೆಸರು, ಬಂದ ದಿನ, ಹೊತ್ತು. ಸಿಟ್ಟಿನಲ್ಲಿ ಮಗಳ ಫೋನನ್ನು ನೆಲಕ್ಕಪ್ಪಳಿಸಿದ ಅಪ್ಪನ ಬಳಿ ಅವು ಯಾವುವೂ ಇರುವುದಿಲ್ಲ.