ಹೆಲ್ತ್ ಫಾಸೆಟ್

ಹೆಲ್ತ್ ಫಾಸೆಟ್ ಎಂಬುದು ಮಲವಿಸರ್ಜನೆಯ ನಂತರ ದೇಹವನ್ನು ನೀರಿನಿಂದ ಶುಚಿಗೊಳಿಸಲು ಬಳಸುವ, ಕೈಯಲ್ಲಿ ಹಿಡಿಯುವ ಸಿಂಪರಣಾ ಸಾಧನ. ಬಾಗುವ ಕೊಳವೆಯ ತುದಿಯಲ್ಲಿ ಸಣ್ಣ ರಂಧ್ರಗಳಿರುವ ತಲೆ ಹಾಗೂ ಬೆರಳಿನಿಂದ ಒತ್ತುವ ಗುಂಡಿ ಇದಕ್ಕೆ ಇರುತ್ತವೆ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳದ ಮನೆ, ಫ್ಲ್ಯಾಟ್, ವಸತಿಗೃಹ ಹಾಗೂ ವಿದ್ಯಾರ್ಥಿನಿಲಯಗಳಲ್ಲಿ ಕಮೋಡಿನ ಪಕ್ಕದಲ್ಲಿ ಇದನ್ನು ಅಳವಡಿಸುವುದು ಸಾಮಾನ್ಯವಾಗಿದೆ. ಸಾಧನ ಚಿಕ್ಕದಾದರೂ ಅದು ಶೌಚದ ಸ್ಥಳವನ್ನು ಮನೆಯ ನೀರಿನ ಕೊಳವೆಯೊಂದಿಗೆ ನೇರವಾಗಿ ಜೋಡಿಸುತ್ತದೆ. ಆದ್ದರಿಂದ ಕೊಳಕು ನೀರು ಕೊಳವೆಯೊಳಗೆ ಹಿಂದಕ್ಕೆ ಸರಿಯದಂತೆ ಮತ್ತು ಸದಾ ಒತ್ತಡದಲ್ಲಿರುವ ಕೊಳವೆ ಒಡೆದು ನೀರು ಪೋಲಾಗದಂತೆ ನೋಡಿಕೊಳ್ಳುವುದು ಇದರ ಅಳವಡಿಕೆಯ ಮುಖ್ಯ ಅಂಶಗಳಾಗಿವೆ.

ಹೆಸರು ಮತ್ತು ಹಿನ್ನೆಲೆ

ಭಾರತದ ಮಾರುಕಟ್ಟೆಯಲ್ಲಿ ಈ ಸಾಧನ ಹೆಲ್ತ್ ಫಾಸೆಟ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಆಡುಮಾತಿನಲ್ಲಿ ಜೆಟ್ ಸ್ಪ್ರೇ, ಟಾಯ್ಲೆಟ್ ಸ್ಪ್ರೇ ಅಥವಾ ಬರಿಯ ಸ್ಪ್ರೇ ಎಂದೂ ಕರೆಯುತ್ತಾರೆ. ಅರಬ್ ದೇಶಗಳಲ್ಲಿ ಇದಕ್ಕೆ ಶತ್ತಾಫ್ ಎಂಬ ಹೆಸರಿದೆ. ಥಾಯ್ಲೆಂಡ್ ಮತ್ತು ಫಿನ್ಲೆಂಡ್‌ಗಳಲ್ಲಿಯೂ ಇದರ ಬಳಕೆ ವ್ಯಾಪಕವಾಗಿದೆ. ಯುರೋಪಿನ ಬಿಡೆ ಎಂಬ ತೊಟ್ಟಿಯಾಕಾರದ ಸಾಧನದ ಉದ್ದೇಶವೂ ಇದೇ ಆಗಿದ್ದರೂ ಅದಕ್ಕೆ ಪ್ರತ್ಯೇಕ ಸ್ಥಳ ಬೇಕಾಗುತ್ತದೆ.

ಶೌಚದ ನಂತರ ನೀರು ಬಳಸುವುದು ಭಾರತದಲ್ಲಿ ಹಿಂದಿನಿಂದಲೂ ಇರುವ ರೂಢಿ. ಚೊಂಬು, ಆ ಬಳಿಕ ಬಕೆಟ್ ಮತ್ತು ಮಗ್ಗು ಬಳಕೆಯಲ್ಲಿದ್ದವು. ಚೊಂಬಿನಿಂದ ಸುರಿಯುವ ನೀರಿಗೂ ಕೊಳವೆಗೂ ಸಂಪರ್ಕವಿರುವುದಿಲ್ಲ. ಹೆಲ್ತ್ ಫಾಸೆಟ್‌ನಲ್ಲಿ ಕೊಳವೆಯೇ ಶೌಚದ ಜಾಗದವರೆಗೆ ಬರುತ್ತದೆ. ಈ ಸಾಧನಕ್ಕೆ ವಿಶೇಷ ಎಚ್ಚರಿಕೆ ಬೇಕಾಗಿರುವುದು ಈ ವ್ಯತ್ಯಾಸದಿಂದ.

ಭಾಗಗಳು

ಗೋಡೆಯಿಂದ ಹೊರಬರುವ ನೀರಿನ ಬಾಯಿಗೆ ಮೊದಲು ಆಂಗಲ್ ಕಾಕ್ ಎಂಬ ಕವಾಟವನ್ನು ಜೋಡಿಸಲಾಗುತ್ತದೆ. ಅದಕ್ಕೆ ಬಾಗುವ ಕೊಳವೆ, ಕೊಳವೆಯ ತುದಿಗೆ ಸಿಂಪರಣಾ ತಲೆ, ಮತ್ತು ತಲೆಯನ್ನು ತೂಗುಹಾಕಲು ಗೋಡೆಯಲ್ಲಿ ಕೊಕ್ಕೆ ಇರುತ್ತವೆ. ಭಾರತದಲ್ಲಿ ಈ ಜೋಡಣೆಗಳಿಗೆ ಸಾಮಾನ್ಯವಾಗಿ ಅರ್ಧ ಇಂಚಿನ, ಅಂದರೆ 15 ಮಿ.ಮೀ. ಗಾತ್ರದ ತಿರುಪುಗಳನ್ನು ಬಳಸುತ್ತಾರೆ. ಕೊಳವೆಯ ಉದ್ದ ಹೆಚ್ಚಾಗಿ 1 ಮೀಟರ್.

ಫ್ಲಶ್ ಟ್ಯಾಂಕಿಗೂ ಸ್ಪ್ರೇಗೂ ಒಂದೇ ಬಾಯಿಯಿಂದ ನೀರು ಕೊಡಬೇಕಾದಲ್ಲಿ ಎರಡು ದಾರಿಯ ಆಂಗಲ್ ಕಾಕ್ ಬಳಸಲಾಗುತ್ತದೆ. ಇದರಲ್ಲಿ ಒಂದೇ ಹಿಡಿ ಇರುವ ಮತ್ತು ಎರಡು ಪ್ರತ್ಯೇಕ ಹಿಡಿಗಳಿರುವ ಬಗೆಗಳಿವೆ. ಎರಡು ಹಿಡಿಗಳಿದ್ದರೆ ಫ್ಲಶ್ ಟ್ಯಾಂಕಿಗೆ ನೀರು ಬರುತ್ತಿರುವಂತೆಯೇ ಸ್ಪ್ರೇಯನ್ನು ಮಾತ್ರ ಮುಚ್ಚಿಡಬಹುದು. ಒಂದೇ ಹಿಡಿಯಿದ್ದಲ್ಲಿ ಫ್ಲಶ್‌ಗಾಗಿ ಕವಾಟವನ್ನು ತೆರೆದೇ ಇಡಬೇಕಾಗುವುದರಿಂದ ಸ್ಪ್ರೇ ಕೊಳವೆ ಹಗಲಿರುಳೂ ಒತ್ತಡದಲ್ಲಿರುತ್ತದೆ.

ಉಡುಪಿ ಜಿಲ್ಲೆಯ ನೀರಿನ ಸನ್ನಿವೇಶ

ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿ ಮಣಿಪಾಲವೂ ಸೇರಿದೆ. ನಗರದ ಕೊಳಾಯಿ ನೀರಿನ ಪ್ರಮುಖ ಮೂಲ ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟು. ಕಾರ್ಕಳ ಪಟ್ಟಣಕ್ಕೆ ಅದೇ ನದಿಯ ಮುಂಡ್ಲಿ ಅಣೆಕಟ್ಟಿನಿಂದ ನೀರು ಬರುತ್ತದೆ. ಕಡಲತೀರದ ಕಾಪುವಿನಲ್ಲಿ ತೆರೆದ ಬಾವಿಗಳ ಬಳಕೆ ಹೆಚ್ಚು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬೇಸಿಗೆಯ ಕೊನೆಯಲ್ಲಿ ನದಿಯ ಹರಿವು ಇಳಿಯುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ನೀರು ತೀರಾ ಕಡಿಮೆಯಾಗಿ ಉಡುಪಿಯಲ್ಲಿ ತೀವ್ರ ಅಭಾವ ಉಂಟಾಗಿತ್ತು.

ಈ ಸನ್ನಿವೇಶದ ಎರಡು ಅಂಶಗಳು ಹೆಲ್ತ್ ಫಾಸೆಟ್‌ನ ಸುರಕ್ಷತೆಗೆ ಸಂಬಂಧಿಸಿವೆ. ಮೊದಲನೆಯದು, ನೀರು ಸರದಿಯಲ್ಲಿ ಬಿಡುವಾಗ ಕೊಳವೆಗಳು ನಡುನಡುವೆ ಬರಿದಾಗುವುದು. ಬರಿದಾಗುತ್ತಿರುವ ಕೊಳವೆ ಹೊರಗಿನ ಗಾಳಿಯನ್ನೂ ನೀರನ್ನೂ ಒಳಕ್ಕೆ ಎಳೆಯುತ್ತದೆ. ಎರಡನೆಯದು, ಒಂದೇ ಮನೆಯಲ್ಲಿ ಬಾವಿಯ ನೀರು ಮತ್ತು ಕೊಳಾಯಿ ನೀರು ಎರಡೂ ಇರುವುದು. ಅನುಕೂಲಕ್ಕಾಗಿ ಇವೆರಡರ ಕೊಳವೆಗಳನ್ನು ಒಂದು ಕವಾಟದ ಮೂಲಕ ಸೇರಿಸಿದರೆ ಅದನ್ನು ಅಡ್ಡಸಂಪರ್ಕ ಎನ್ನುತ್ತಾರೆ. ಕವಾಟ ಸವೆದಾಗ ಅಥವಾ ಅದನ್ನು ಮುಚ್ಚಲು ಮರೆತಾಗ ಒಂದು ಮನೆಯ ನೀರು ಸಾರ್ವಜನಿಕ ಕೊಳವೆಯನ್ನು ಸೇರುವ ಸಾಧ್ಯತೆಯಿದೆ.

ಹಿಮ್ಮುಖ ಹರಿವು

ನೀರು ತನ್ನ ಸಹಜ ದಿಕ್ಕಿಗೆ ವಿರುದ್ಧವಾಗಿ ಕೊಳವೆಯೊಳಗೆ ಹರಿಯುವುದನ್ನು ಹಿಮ್ಮುಖ ಹರಿವು ಎನ್ನುತ್ತಾರೆ. ಛಾವಣಿಯ ಟ್ಯಾಂಕಿನ ಕವಾಟವನ್ನು ಮುಚ್ಚಿ ಕೆಳಮನೆಯ ನಲ್ಲಿಯನ್ನು ತೆರೆದಾಗ ಕೊಳವೆಯಲ್ಲಿರುವ ನೀರು ಕೆಳಕ್ಕೆ ಇಳಿಯುತ್ತದೆ. ಮೇಲಿನ ಭಾಗದಲ್ಲಿ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆಯಾಗಿ ಸೆಳೆತ ಉಂಟಾಗುತ್ತದೆ. ಆ ಹೊತ್ತಿಗೆ ಮೇಲ್ಮನೆಯ ಸ್ಪ್ರೇ ತಲೆ ಬಕೆಟ್ಟಿನ ನೀರಿನಲ್ಲಿಯೋ ಕಮೋಡಿನೊಳಗೋ ಮುಳುಗಿದ್ದು, ಅದರ ಗುಂಡಿ ಸಡಿಲವಾಗಿ ಸೋರುತ್ತಿದ್ದರೆ, ಆ ನೀರು ಕೊಳವೆಯನ್ನು ಸೇರಬಹುದು. ಗುಂಡಿ ಬಿಗಿಯಾಗಿ ಮುಚ್ಚಿರುವಾಗ ಹೀಗಾಗುವುದಿಲ್ಲ. ಆದರೆ ಸವೆದ ರಬ್ಬರಿನ ಗುಂಡಿಯೊಂದನ್ನೇ ನಂಬಿ ಕುಡಿಯುವ ನೀರನ್ನು ರಕ್ಷಿಸಲಾಗದು. ಟೈಫಾಯ್ಡ್, ಕಾಲರಾ, ಆಮಶಂಕೆ ಹಾಗೂ ಹೆಪಟೈಟಿಸ್ ಎ ಮತ್ತು ಇ ಬಗೆಯ ಕಾಮಾಲೆ ರೋಗಗಳು ಮಲದಿಂದ ಕಲುಷಿತವಾದ ನೀರಿನ ಮೂಲಕ ಹರಡುತ್ತವೆ.

ಕೊಳಾಯಿ ದೋಷದಿಂದ ರೋಗ ಹರಡಿದ ಪ್ರಸಿದ್ಧ ಉದಾಹರಣೆ 1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ದಾಖಲಾಗಿದೆ. ಅಲ್ಲಿ ವಿಶ್ವಮೇಳ ನಡೆಯುತ್ತಿದ್ದಾಗ ಹೋಟೆಲುಗಳ ಕೊಳವೆಗಳಲ್ಲಿದ್ದ ಅಡ್ಡಸಂಪರ್ಕಗಳಿಂದ ಅಮೀಬಿಕ್ ಆಮಶಂಕೆ ಹರಡಿ 98 ಮಂದಿ ಮೃತಪಟ್ಟರು. ಕೊಳಾಯಿ ನಿಯಮಗಳಲ್ಲಿ ಹಿಮ್ಮುಖ ಹರಿವಿಗೆ ಇರುವ ಮಹತ್ವ ಇಂತಹ ಘಟನೆಗಳಿಂದ ಸ್ಪಷ್ಟವಾಗುತ್ತದೆ.

ನಿಯಮಗಳು

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 9ನೆಯ ಭಾಗವು ಕೊಳಾಯಿ ಸೇವೆಗಳಿಗೆ ಸಂಬಂಧಿಸಿದೆ. ಕಟ್ಟಡಗಳ ನೀರು ಪೂರೈಕೆಗೆ ಐಎಸ್ 2065 ಎಂಬ ಪ್ರತ್ಯೇಕ ಮಾನಕವೂ ಇದೆ. ಕುಡಿಯುವ ನೀರಿನ ಕೊಳವೆಗೂ ಬೇರೆ ನೀರಿನ ಕೊಳವೆಗೂ ಅಡ್ಡಸಂಪರ್ಕ ಇರಬಾರದು ಹಾಗೂ ಹಿಮ್ಮುಖ ಹರಿವಿಗೆ ತಡೆಯಿರಬೇಕು ಎಂಬುದು ಇವುಗಳ ಮೂಲ ತತ್ತ್ವ. ಕಟ್ಟಡ ಸಂಹಿತೆಯು ಸ್ವತಃ ಕಾನೂನಲ್ಲ. ಸ್ಥಳೀಯ ಉಪವಿಧಿಗಳು ಅದನ್ನು ಅಳವಡಿಸಿಕೊಂಡಾಗ ಅದು ಕಡ್ಡಾಯವಾಗುತ್ತದೆ.

ಉಡುಪಿ ನಗರಸಭೆ ಹಾಗೂ ಕಾಪು ಮತ್ತು ಕಾರ್ಕಳ ಪುರಸಭೆಗಳು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ಬರುತ್ತವೆ. ಸಾರ್ವಜನಿಕ ಕೊಳವೆಯಿಂದ ಸಂಪರ್ಕ ಪಡೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಮನೆಯೊಳಗೆ ಈಗಾಗಲೇ ಇರುವ ಬಾಯಿಗೆ ಸ್ಪ್ರೇ ಜೋಡಿಸುವುದು ಹೊಸ ಸಂಪರ್ಕವಲ್ಲ. ಆದರೆ ಮೀಟರಿಗೆ ಮೊದಲೇ ಕೊಳವೆಯನ್ನು ಕವಲೊಡೆಸುವುದು ಮತ್ತು ಸಾರ್ವಜನಿಕ ಕೊಳವೆಗೆ ನೇರವಾಗಿ ಪಂಪು ಜೋಡಿಸಿ ನೀರೆಳೆಯುವುದು ನಿಯಮಬಾಹಿರ. ಹೀಗೆ ಪಂಪು ಎಳೆದಾಗ ನೆರೆಮನೆಗಳ ಕೊಳವೆಗಳಲ್ಲಿಯೂ ಸೆಳೆತ ಉಂಟಾಗುತ್ತದೆ.

ಬ್ರಿಟನ್ನಿನಲ್ಲಿ 1999ರ ನೀರು ಜೋಡಣೆ ನಿಯಮಾವಳಿಗಳು ನೀರನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಐದು ವರ್ಗಗಳಾಗಿ ವಿಂಗಡಿಸುತ್ತವೆ. ಕಮೋಡಿನ ಪಕ್ಕದ ಕೈಸ್ಪ್ರೇ ಅತ್ಯಂತ ಅಪಾಯಕಾರಿಯಾದ ಐದನೆಯ ವರ್ಗಕ್ಕೆ ಸೇರುತ್ತದೆ. ಅದನ್ನು ಸಾರ್ವಜನಿಕ ಕೊಳವೆಗೆ ನೇರವಾಗಿ ಜೋಡಿಸುವಂತಿಲ್ಲ. ನೀರು ಮೊದಲು ಮೇಲಿನಿಂದ ತೆರೆದ ಗಾಳಿಯ ಅಂತರದ ಮೂಲಕ ಒಂದು ಟ್ಯಾಂಕಿಗೆ ಬಿದ್ದು, ಅಲ್ಲಿಂದ ಸ್ಪ್ರೇಗೆ ಹೋಗಬೇಕು. ಕರಾವಳಿಯ ಮನೆಗಳ ಓವರ್‌ಹೆಡ್ ಟ್ಯಾಂಕಿನಲ್ಲಿ ಒಳಬರುವ ಕೊಳವೆಯ ಬಾಯಿ ತುಂಬಿದ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ಸಾರ್ವಜನಿಕ ಕೊಳವೆಯ ಮಟ್ಟಿಗೆ ಇದೇ ರಕ್ಷಣೆ ದೊರೆಯುತ್ತದೆ. ಆದರೆ ಅದೇ ಟ್ಯಾಂಕಿನಿಂದ ಅಡುಗೆಮನೆಗೂ ನೀರು ಹೋಗುತ್ತಿದ್ದರೆ ಮನೆಯೊಳಗಿನ ಅಪಾಯ ಉಳಿಯುತ್ತದೆ.

ಅಳವಡಿಕೆ

ಸ್ಪ್ರೇಗೆ ಓವರ್‌ಹೆಡ್ ಟ್ಯಾಂಕಿನ ನೀರನ್ನು ಕೊಡುವುದು ಸುರಕ್ಷಿತ. ಟ್ಯಾಂಕಿನಿಂದ ಶೌಚಾಲಯಗಳಿಗೂ ಅಡುಗೆಮನೆಗೂ ಪ್ರತ್ಯೇಕ ಇಳಿಕೊಳವೆಗಳಿರುವುದು ಉತ್ತಮ. ಪ್ರತಿ ಇಳಿಕೊಳವೆಗೆ, ಟ್ಯಾಂಕಿನ ಕವಾಟದ ನಂತರ, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರುವ ಗಾಳಿಕೊಳವೆ ಇದ್ದರೆ ಕೊಳವೆ ಬರಿದಾಗುವಾಗ ಅದರ ಮೂಲಕ ಗಾಳಿ ಬಂದು ಸೆಳೆತ ಕಡಿಮೆಯಾಗುತ್ತದೆ. ಆಂಗಲ್ ಕಾಕ್ ಮತ್ತು ಸ್ಪ್ರೇ ಕೊಳವೆಯ ನಡುವೆ ಹಿಂದಕ್ಕೆ ಹರಿಯಗೊಡದ ಎನ್‌ಆರ್‌ವಿ ಕವಾಟವನ್ನು ಹಾಕುವುದು ಹೆಚ್ಚುವರಿ ರಕ್ಷಣೆ. ಆದರೆ ಅದು ಗಾಳಿಯ ಅಂತರಕ್ಕೆ ಪರ್ಯಾಯವಲ್ಲ.

ಜೋಡಣೆಯ ಕ್ರಮ ಹೀಗಿದೆ:

1. ಆ ಕೊಳವೆಗೆ ನೀರು ಕೊಡುವ ಕವಾಟವನ್ನು ಮುಚ್ಚಿ, ಕೆಳಗಿನ ನಲ್ಲಿಯನ್ನು ತೆರೆದು ಕೊಳವೆಯ ನೀರನ್ನು ಬಸಿಯಲಾಗುತ್ತದೆ.
2. ಗೋಡೆಯ ಬಾಯಿಯಲ್ಲಿರುವ ಪ್ಲಗ್ ತೆಗೆದು ತಿರುಪನ್ನು ಶುಚಿಗೊಳಿಸಲಾಗುತ್ತದೆ. ಆಂಗಲ್ ಕಾಕ್‌ನ ತಿರುಪಿಗೆ ಅದು ಬಿಗಿಯುವ ದಿಕ್ಕಿನಲ್ಲಿಯೇ ಟೆಫ್ಲಾನ್ ಟೇಪ್ ಸುತ್ತಿ ಗೋಡೆಗೆ ಕೂರಿಸಲಾಗುತ್ತದೆ.
3. ಗೋಡೆಯೊಳಗೆ ಸಿಪಿವಿಸಿ ಕೊಳವೆಯಿದ್ದಲ್ಲಿ ಅದರ ಬಾಯಿಗೆ ಹಿತ್ತಾಳೆಯ ತಿರುಪಿರುವ ಎಲ್ಬೋ ಇರಬೇಕು. ಅತಿಯಾಗಿ ಬಿಗಿದರೆ ಎಲ್ಬೋ ಗೋಡೆಯೊಳಗೇ ಬಿರುಕು ಬಿಡಬಹುದು.
4. ಕೊಳವೆ ಜೋಡಿಸುವ ಮುನ್ನ ಆಂಗಲ್ ಕಾಕ್‌ನ ಬಾಯಿಗೆ ಬಕೆಟ್ ಹಿಡಿದು ಸ್ವಲ್ಪ ನೀರು ಬಿಟ್ಟು ಒಳಗಿನ ಮರಳು, ಕಸವನ್ನು ಹೊರಹಾಕಲಾಗುತ್ತದೆ.
5. ಬಾಗುವ ಕೊಳವೆಯ ಎರಡೂ ತುದಿಗಳಲ್ಲಿ ರಬ್ಬರ್ ವಾಷರ್ ಇದೆಯೇ ಎಂದು ನೋಡಿ ಕೈಯಿಂದ ಬಿಗಿದು, ನಂತರ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ ತಿರುಗಿಸಲಾಗುತ್ತದೆ. ಇಲ್ಲಿ ನೀರನ್ನು ತಡೆಯುವುದು ವಾಷರ್, ಟೇಪ್ ಅಗತ್ಯವಿಲ್ಲ.
6. ಕೊಕ್ಕೆಯನ್ನು ಕುಳಿತವರ ಬಲಗೈಗೆ ಎಟಕುವಂತೆ ಅಳವಡಿಸುವುದು ರೂಢಿ. ಕೊಕ್ಕೆಯಿಂದ ಜಾರಿದರೂ ತಲೆಯು ಕಮೋಡಿನ ನೀರನ್ನಾಗಲಿ ಬಕೆಟ್ಟನ್ನಾಗಲಿ ಮುಟ್ಟದಂತೆ ಸ್ಥಳವನ್ನೂ ಕೊಳವೆಯ ಉದ್ದವನ್ನೂ ಆರಿಸಬೇಕು.
7. ಗೋಡೆಯೊಳಗಿನ ಕೊಳವೆ ಸಾಮಾನ್ಯವಾಗಿ ನೀರಿನ ಬಾಯಿಯಿಂದ ನೇರವಾಗಿ ಮೇಲಕ್ಕೋ ಪಕ್ಕಕ್ಕೋ ಹೋಗುತ್ತದೆ. ಆ ರೇಖೆಗಳಲ್ಲಿ ಡ್ರಿಲ್ ಮಾಡಬಾರದು.
8. ಕೊನೆಯಲ್ಲಿ ನೀರು ಬಿಟ್ಟು, ಪ್ರತಿ ಜೋಡಣೆಯನ್ನು ಒಣ ಕಾಗದದಿಂದ ಒರೆಸಿ ತೇವವನ್ನು ಪರೀಕ್ಷಿಸಲಾಗುತ್ತದೆ. ಮರುದಿನ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಒತ್ತಡ

ಟ್ಯಾಂಕಿನ ನೀರು ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡವನ್ನು ಕೊಡುತ್ತದೆ. ಒಂದು ಅಂತಸ್ತಿನ ಮನೆಯಲ್ಲಿ ಈ ಒತ್ತಡ ಅರ್ಧ ಬಾರ್‌ಗಿಂತಲೂ ಕಡಿಮೆಯಿರಬಹುದು. ಮಣಿಪಾಲದಲ್ಲಿರುವಂತಹ ಬಹುಮಹಡಿ ಕಟ್ಟಡಗಳಲ್ಲಿ ಟ್ಯಾಂಕಿಗಿಂತ 30 ಮೀಟರ್ ಕೆಳಗಿನ ಶೌಚಾಲಯದಲ್ಲಿ ಅದು ಸುಮಾರು 3 ಬಾರ್ ಆಗುತ್ತದೆ. ಇಂತಹ ಕಡೆ ಕೆಳ ಅಂತಸ್ತುಗಳಿಗೆ ಒತ್ತಡ ತಗ್ಗಿಸುವ ಕವಾಟ ಬೇಕಾಗಬಹುದು. ಬಿರುಸಿನ ಧಾರೆ ಗುದದ ಸುತ್ತಲಿನ ಮೃದು ಚರ್ಮಕ್ಕೆ ನೋವುಂಟುಮಾಡಬಲ್ಲದು. ಆಂಗಲ್ ಕಾಕನ್ನು ಅರೆ ತೆರೆದು ಬಳಸಿದರೆ ಧಾರೆಯ ರಭಸ ತಗ್ಗುತ್ತದೆಯಾದರೂ ಗುಂಡಿಯನ್ನು ಬಿಟ್ಟಾಗ ಕೊಳವೆಯಲ್ಲಿ ಪೂರ್ಣ ಒತ್ತಡವೇ ಇರುತ್ತದೆ.

ಬಳಕೆ ಮತ್ತು ನಿರ್ವಹಣೆ

ಪ್ರತಿ ಬಳಕೆಯ ನಂತರ ಸ್ಪ್ರೇಯ ಕವಾಟವನ್ನು ಮುಚ್ಚಿ, ಗುಂಡಿಯನ್ನೊಮ್ಮೆ ಒತ್ತಿ ಒತ್ತಡವನ್ನು ಬಿಡುವುದು ಅತ್ಯಂತ ಸರಳ ರಕ್ಷಣೆ. ಇದರಿಂದ ಕೊಳವೆಯ ಆಯಸ್ಸು ಹೆಚ್ಚುತ್ತದೆ ಮತ್ತು ಹಿಮ್ಮುಖ ಹರಿವಿನ ದಾರಿಯೂ ಮುಚ್ಚುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ದಿನಕ್ಕೆ 4 ಲೀಟರ್‌ಗಿಂತ ಹೆಚ್ಚು ನೀರು ಪೋಲಾಗುತ್ತದೆ. ಒಡೆದ ಕೊಳವೆಯಿಂದ ನಿಮಿಷಕ್ಕೆ 10 ಲೀಟರ್ ಹರಿದರೆ 1,000 ಲೀಟರಿನ ಟ್ಯಾಂಕ್ 100 ನಿಮಿಷಗಳಲ್ಲಿ ಬರಿದಾಗುತ್ತದೆ. ಬೇಸಿಗೆಯಲ್ಲಿ ಇದು ಒಂದು ಕುಟುಂಬದ ದಿನದ ನೀರನ್ನೇ ಕಳೆಯಬಹುದು.

ಕರಾವಳಿಯ ಉಪ್ಪುಗಾಳಿ ಲೋಹದ ಭಾಗಗಳನ್ನು ಬೇಗ ಕೊರೆಯುತ್ತದೆ. ಮುರಕಲ್ಲಿನ ನೆಲದ ಬಾವಿನೀರು ಹಲವೆಡೆ ತುಸು ಆಮ್ಲೀಯವಾಗಿದ್ದು ಅಗ್ಗದ ಹಿತ್ತಾಳೆಯನ್ನು ಸವೆಸುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಸಿಡಿದರೆ ಸ್ಟೀಲ್ ಹೆಣಿಗೆಯ ಕೊಳವೆಯೂ ತುಕ್ಕು ಹಿಡಿಯುತ್ತದೆ. ಕಾಪುವಿನಂತಹ ಕಡಲತೀರದಲ್ಲಿ 304 ದರ್ಜೆಯ ಸ್ಟೀಲ್‌ಗಿಂತ 316 ದರ್ಜೆಯದು ಉಪ್ಪನ್ನು ಹೆಚ್ಚು ತಾಳಿಕೊಳ್ಳುತ್ತದೆ. ಕೊಳವೆಯ ಮೇಲೆ ತುಕ್ಕು, ಉಬ್ಬು ಅಥವಾ ಕಿತ್ತ ಎಳೆಗಳು ಕಂಡಾಗ ಅದನ್ನು ಬದಲಿಸಬೇಕು. ರಜೆಯಲ್ಲಿ ಬಹುದಿನ ಮುಚ್ಚಿದ್ದ ವಿದ್ಯಾರ್ಥಿನಿಲಯ ಅಥವಾ ಬಾಡಿಗೆ ಕೋಣೆಯಲ್ಲಿ ಮೊದಲ ಬಳಕೆಗೆ ಮುನ್ನ ನಿಂತ ನೀರನ್ನು ಕಮೋಡಿನೊಳಗೆ ಹರಿಯಬಿಡುವುದು ಒಳಿತು.