ಕೊಳೆ ತೊಳೆಯುವ ಅಣು ಹರಳು ಕಟ್ಟಿದ ಕಥೆ

ಎಣ್ಣೆ ಹಚ್ಚಿದ ತಲೆಗೆ ಬರಿಯ ನೀರು ಸುರಿದರೆ ಜಿಡ್ಡು ಹೋಗದು. ಸೀಗೆಪುಡಿಯೋ ಸಾಬೂನೋ ಬೇಕೇ ಬೇಕು. ಇಂಥ ಮಾರ್ಜಕದ ಅಣುವಿಗೆ ತಲೆಯೊಂದು, ಬಾಲವೊಂದು. ತಲೆಗೆ ನೀರಿನ ನಂಟು, ಬಾಲಕ್ಕೆ ಕೊಬ್ಬಿನ ನಂಟು. ಜಿಡ್ಡನ್ನು ನೀರಿಗೆ ಒಗ್ಗಿಸುವ ಈ ಗುಣವೇ ಜೀವವಿಜ್ಞಾನದ ದೊಡ್ಡದೊಂದು ತೊಡಕನ್ನು ಬಿಡಿಸಿತು.

ಪ್ರೋಟೀನಿನ ರಚನೆ ತಿಳಿಯಲು ಆಗ ಇದ್ದ ಮುಖ್ಯ ಮಾರ್ಗವೆಂದರೆ ಅದನ್ನು ಹರಳುಗಟ್ಟಿಸಿ, ಹರಳಿನ ಮೇಲೆ ಕ್ಷ-ಕಿರಣ ಹಾಯಿಸುವುದು. ಹಿಮೋಗ್ಲೋಬಿನ್, ಮಯೋಗ್ಲೋಬಿನ್‌ಗಳ ರಚನೆಯನ್ನು ಹೀಗೆ ಬಿಡಿಸಿದ ಪೆರುಟ್ಜ್ ಮತ್ತು ಕೆಂಡ್ರ್ಯೂ 1962ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅವು ನೀರಿನಲ್ಲಿ ಕರಗುವ ಪ್ರೋಟೀನುಗಳು. ಜೀವಕೋಶದ ಪೊರೆಯಲ್ಲಿ ಹುದುಗಿ, ಒಳಗೆ ಹೋಗುವ ಹೊರಗೆ ಬರುವ ವಸ್ತುಗಳನ್ನು ಕಾಯುವ ಪ್ರೋಟೀನುಗಳ ಮಾತೇ ಬೇರೆ. ಪೊರೆ ಕೊಬ್ಬಿನದು, ಅದರಿಂದ ಕಿತ್ತು ನೀರಿಗೆ ಹಾಕಿದರೆ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅವನ್ನು ಹರಳುಗಟ್ಟಿಸುವುದು ಆಗದ ಕೆಲಸವೆಂದೇ ಬಹಳ ಮಂದಿ ನಂಬಿದ್ದರು.

1978ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಹಾರ್ಟ್‌ಮುಟ್ ಮಿಷೆಲ್ ಎಂಬ ತರುಣ ವಿಜ್ಞಾನಿ ಒಂದು ವಿಚಿತ್ರ ಕಂಡರು. ಕೊಬ್ಬು ತೆಗೆದು ಶೈತ್ಯಪೆಟ್ಟಿಗೆಯಲ್ಲಿಟ್ಟಿದ್ದ ಪೊರೆಯ ಪ್ರೋಟೀನು ಗಾಜಿನಂತೆ ಗಟ್ಟಿಕಟ್ಟಿತ್ತು. ಹೀಗಾಗುವುದಾದರೆ ಹರಳೇಕೆ ಆಗಬಾರದು? ಆ ಪ್ರಶ್ನೆ ಅವರನ್ನು ಬಿಡಲಿಲ್ಲ.

ಮಾರ್ಜಕ ಸೇರಿಸಿದರೆ ಅದರ ಅಣುಗಳು ಪ್ರೋಟೀನಿನ ಜಿಡ್ಡುನಡುವನ್ನು ಡಾಬಿನಂತೆ ಸುತ್ತಿಕೊಂಡು ಅದನ್ನು ನೀರಿನಲ್ಲಿ ತೇಲಿಸುತ್ತವೆ. ಆದರೆ ಹರಳಾಗಬೇಕಾದರೆ ಪ್ರೋಟೀನುಗಳು ಒಂದನ್ನೊಂದು ಮುಟ್ಟಬೇಕು. ಡಾಬು ದಪ್ಪವಾದರೆ ಮುಟ್ಟಲು ಎಡೆಯಿಲ್ಲ. ಅದನ್ನು ತೆಳುವಾಗಿಸಲು ಗಿಡ್ಡ ಬಾಲದ ಮಾರ್ಜಕ ಬಳಸಿದರೆ ಪ್ರೋಟೀನೇ ಕೆಡಬಹುದು. ಈ ಹದ ಹಿಡಿಯುವುದೇ ಕಷ್ಟ. 1980ರಲ್ಲಿ ಬಾಸೆಲ್‌ನ ಗರಾವಿಟೊ ಮತ್ತು ರೋಸನ್‌ಬುಶ್, ಬೇರೆಯಾಗಿ ಮಿಷೆಲ್ ಮತ್ತು ಓಸ್ಟರ್‌ಹೆಲ್ಟ್ ಮೊದಲ ಹರಳುಗಳನ್ನು ಪಡೆದರು. ಮರುವರ್ಷ ಮ್ಯೂನಿಕ್ ಬಳಿಯ ಮಾರ್ಟಿನ್ಸ್‌ರೀಡ್‌ನಲ್ಲಿ, ಬೆಳಕಿನಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ ಒಂದರ ಪ್ರೋಟೀನಿಗೆ ಮಿಷೆಲ್ ಚಿಕ್ಕ ತಲೆಯ ಮಾರ್ಜಕವನ್ನೂ ಹೆಪ್ಟೇನ್‌ಟ್ರೈಆಲ್ ಎಂಬ ಪುಟ್ಟ ಅಣುವನ್ನೂ ಬೆರೆಸಿದರು. ಡಾಬು ಕಿರಿದಾಯಿತು, ಅಚ್ಚುಕಟ್ಟಾದ ಹರಳು ಬೆಳೆಯಿತು.

ಡೈಸನ್‌ಹೋಫರ್ ಮತ್ತು ಹೂಬರ್ ಜೊತೆಗೂಡಿ ಅವರು ಬಿಡಿಸಿದ ಅದರ ರಚನೆ 1985ರ ಹೊತ್ತಿಗೆ ಪ್ರಕಟವಾಯಿತು. 1988ರಲ್ಲಿ ಮೂವರಿಗೂ ನೊಬೆಲ್ ಬಂತು. ಹರಳಿನೊಳಗೆ ಪ್ರೋಟೀನಿನ ನಡುವನ್ನು ಸುತ್ತಿದ್ದ ಮಾರ್ಜಕದ ಪಟ್ಟಿಯನ್ನು ನ್ಯೂಟ್ರಾನ್ ಕಿರಣಗಳು 1989ರಲ್ಲಿ ತೋರಿಸಿಕೊಟ್ಟವು.

ಈ ಯಶಸ್ಸಿನ ಲಾಭ ಬ್ಯಾಕ್ಟೀರಿಯಾಕ್ಕಷ್ಟೇ ಸೀಮಿತವಲ್ಲ. ನಾವು ನುಂಗುವ ಅನೇಕ ಔಷಧಿಗಳು ಕೆಲಸ ಮಾಡುವುದು ಪೊರೆಯ ಪ್ರೋಟೀನುಗಳ ಮೇಲೆಯೇ. ಅವುಗಳ ಆಕಾರ ತಿಳಿದರೆ ಔಷಧಿಯನ್ನು ಅಳತೆಗೆ ತಕ್ಕಂತೆ ರೂಪಿಸಬಹುದು. ಈಗ ಹರಳೇ ಇಲ್ಲದೆ, ಅತಿಶೀತದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ರಚನೆ ನೋಡುವ ವಿಧಾನ ಬಂದಿದೆ. ಅದಕ್ಕೆ 2017ರ ನೊಬೆಲ್ ಸಂದಿತು. ಆದರೂ ಪ್ರೋಟೀನನ್ನು ಪೊರೆಯಿಂದ ಹೊರತರುವ ಮೊದಲ ಕೆಲಸ ಬಹುಪಾಲು ಇಂದಿಗೂ ಮಾರ್ಜಕದ್ದೇ.