ಆನ್‌ಲೈನ್ ಫೋಟೊ ಸಂಗ್ರಹ: ಯಾವ ಸೇವೆ, ಏಕೆ?

ಫೋನು, ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಕಂಪನಿಯೊಂದರ ಸರ್ವರ್‌ನಲ್ಲಿಟ್ಟು, ಬೇಕೆಂದಾಗ ಯಾವ ಸಾಧನದಲ್ಲಾದರೂ ನೋಡಲು ಅನುವಾಗಿಸುವ ವ್ಯವಸ್ಥೆಯೇ ಆನ್‌ಲೈನ್ ಫೋಟೊ ಸಂಗ್ರಹ. ಗೂಗಲ್ ಫೋಟೋಸ್, ಐಕ್ಲೌಡ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಫ್ಲಿಕರ್ ಇವುಗಳಲ್ಲಿ ಹೆಸರಾದವು. ಎಲ್ಲದರಲ್ಲೂ ಸೇರುವುದು ಸಲೀಸು. ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಹೊರಡುವುದು ಎಷ್ಟು ಸಲೀಸು ಎಂಬುದನ್ನು ಮೊದಲು ನೋಡಬೇಕು.

ಬದಲಾದ ನಿಯಮಗಳು

2004ರಲ್ಲಿ ಶುರುವಾದ ಫ್ಲಿಕರ್ ಮರುವರ್ಷ ಯಾಹೂ ಪಾಲಾಯಿತು. 2013ರಲ್ಲಿ ಎಲ್ಲರಿಗೂ 1 ಟೆರಾಬೈಟ್ ಜಾಗವನ್ನು ಪುಕ್ಕಟೆ ಕೊಟ್ಟಿತು. 2018ರಲ್ಲಿ ಅದನ್ನು ಸ್ಮಗ್‌ಮಗ್ ಕೊಂಡ ಮೇಲೆ ಉಚಿತ ಖಾತೆಯ ಮಿತಿ 1,000 ಚಿತ್ರಗಳಿಗೆ ಇಳಿಯಿತು. ಗೂಗಲ್ ಫೋಟೋಸ್ 2015ರಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹದೊಂದಿಗೆ ಬಂತು. 2021ರ ಜೂನ್ 1ಕ್ಕೆ ಆ ಸೌಲಭ್ಯ ನಿಂತಿತು. ಕೊಡಕ್ ಗ್ಯಾಲರಿ 2012ರಲ್ಲಿ ಬಾಗಿಲು ಹಾಕಿತು, ಕ್ಯಾನನ್ನಿನ ಇರಿಸ್ಟಾ 2020ರಲ್ಲಿ. ಕಂಪನಿ ದೊಡ್ಡದೆಂಬ ಒಂದೇ ಕಾರಣಕ್ಕೆ ಸೇವೆ ಶಾಶ್ವತವೆಂದು ನಂಬುವಂತಿಲ್ಲ.

ಜಾಗದ ಲೆಕ್ಕ

ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಜಿಮೇಲ್ ಮತ್ತು ಡ್ರೈವ್‌ಗೂ ಪಾಲಿದೆ. ಐಕ್ಲೌಡ್, ಒನ್‌ಡ್ರೈವ್ ತಲಾ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ ಕೊಡುತ್ತವೆ. 12 ಮೆಗಾಪಿಕ್ಸೆಲ್‌ನ ಒಂದು ಚಿತ್ರ ಸುಮಾರು 4 ಎಂಬಿ ಎಂದುಕೊಂಡರೆ 15 ಜಿಬಿಯಲ್ಲಿ ಹಿಡಿಸುವುದು ನಾಲ್ಕು ಸಾವಿರಕ್ಕೂ ಕಡಿಮೆ. ಜಾಗ ನುಂಗುವುದು ವಿಡಿಯೊ. ಐಫೋನಿನಲ್ಲಿ 4ಕೆ ವಿಡಿಯೊದ ಒಂದು ನಿಮಿಷಕ್ಕೆ ಸುಮಾರು 170 ಎಂಬಿ ಬೇಕು. ಒಂದು ಮದುವೆಯ ಧಾರೆ, ಆರತಕ್ಷತೆಯನ್ನು ಒಂದೂವರೆ ಗಂಟೆ ಚಿತ್ರಿಸಿದರೆ ಉಚಿತ ಜಾಗ ಅಲ್ಲಿಗೆ ಮುಗಿಯಿತು.

ಗುಣಮಟ್ಟದ ಆಯ್ಕೆಯನ್ನೂ ಗಮನಿಸಬೇಕು. ಗೂಗಲ್‌ನ 'ಸ್ಟೋರೇಜ್ ಸೇವರ್' 16 ಮೆಗಾಪಿಕ್ಸೆಲ್ ಮೀರಿದ ಚಿತ್ರಗಳನ್ನು ಕುಗ್ಗಿಸುತ್ತದೆ. ದೊಡ್ಡದಾಗಿ ಮುದ್ರಿಸುವ ಆಸೆಯಿದ್ದರೆ 'ಒರಿಜಿನಲ್' ಆಯ್ಕೆಯೇ ಸರಿ.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಹೆಚ್ಚು ಜನ ಎಡವುವುದು ಇಲ್ಲೇ. ಐಕ್ಲೌಡ್ ಫೋಟೋಸ್ ಚಾಲೂ ಇದ್ದಾಗ ಫೋನಿನಲ್ಲಿ ಅಳಿಸಿದ ಚಿತ್ರ ಐಪ್ಯಾಡ್, ಕಂಪ್ಯೂಟರ್, ಸರ್ವರ್ ಎಲ್ಲೆಡೆಯೂ ಅಳಿಯುತ್ತದೆ. 'ಇತ್ತೀಚೆಗೆ ಅಳಿಸಿದ್ದು' ವಿಭಾಗದಲ್ಲಿ 30 ದಿನ ಉಳಿಯುವುದಷ್ಟೇ ಆಸರೆ. ಇದು ಸಿಂಕ್, ಬ್ಯಾಕಪ್ ಅಲ್ಲ. ಬ್ಯಾಕಪ್‌ಗೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಇಂದಿಗೂ ಚಲಾವಣೆಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ. ಆನ್‌ಲೈನ್ ಸೇವೆ ಆ ಮೂರನೆಯ ಪ್ರತಿ. ಮನೆಯಲ್ಲೊಂದು ಹಾರ್ಡ್ ಡಿಸ್ಕ್ ಇರಲೇಬೇಕು.

ಹೊರಬರುವ ದಾರಿ

ಗೂಗಲ್‌ನಿಂದ ಚಿತ್ರಗಳನ್ನು ಒಟ್ಟಿಗೆ ಇಳಿಸಿಕೊಳ್ಳಲು 'ಟೇಕ್‌ಔಟ್' ಇದೆ. ಅಜ್ಜ-ಅಜ್ಜಿಯ ಮದುವೆ ಫೋಟೊವನ್ನು ಸ್ಕ್ಯಾನ್ ಮಾಡಿ ಏರಿಸಿ, ಆ್ಯಪ್‌ನಲ್ಲಿ ದಿನಾಂಕವನ್ನು 1968 ಎಂದು ತಿದ್ದಿದ್ದೀರಿ ಎನ್ನೋಣ. ಇಳಿಸಿಕೊಂಡ ಜೆಪೆಗ್ ಕಡತದೊಳಗೆ ಆ ತಿದ್ದುಪಡಿ ಇರುವುದಿಲ್ಲ. ಪಕ್ಕದ ಪುಟ್ಟ 'ಜೇಸನ್' ಕಡತದಲ್ಲಿರುತ್ತದೆ. ಜೇಸನ್ ಕಸವೆಂದು ಅಳಿಸಿದಿರೋ, ಅಜ್ಜನ ಮದುವೆ ಸ್ಕ್ಯಾನ್ ಮಾಡಿದ ದಿನಕ್ಕೆ ಬಂದು ಕೂರುತ್ತದೆ! ಹಾಗಾಗಿ ಯಾವುದೇ ಸೇವೆಗೆ ಹಣ ಕಟ್ಟುವ ಮುನ್ನ ಐವತ್ತು ಚಿತ್ರ ಏರಿಸಿ, ಆಲ್ಬಂ ಮಾಡಿ, ಮರಳಿ ಇಳಿಸಿ, ದಿನಾಂಕ, ಗಾತ್ರ, ಆಲ್ಬಂ ಹೆಸರು ಉಳಿದಿವೆಯೇ ಎಂದು ತಾಳೆ ನೋಡುವುದು ಜಾಣತನ.

ಗೋಪ್ಯತೆ

ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದ್ದರೆ ಕಂಪನಿಯೂ ನಿಮ್ಮ ಚಿತ್ರ ನೋಡಲಾಗದು. ಎಂಟೆ ಎಂಬ ಸೇವೆಯಲ್ಲಿ ಇದು ಮೊದಲಿನಿಂದಲೇ ಇರುತ್ತದೆ. ಐಕ್ಲೌಡ್‌ನಲ್ಲಿ 2022ರ ಡಿಸೆಂಬರ್‌ನಲ್ಲಿ ಬಂದ 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಅನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ಆದರೆ ಪಾಸ್‌ವರ್ಡ್ ಜೊತೆಗೆ ರಿಕವರಿ ಕೀಲಿಯೂ ಕಳೆದರೆ ಚಿತ್ರಗಳನ್ನು ಕಂಪನಿಯೂ ಮರಳಿಸಲಾರದು.

ನಮ್ಮ ನಂತರ

ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ನಾವಿಲ್ಲದಾಗ ಯಾರಿಗೆ ಪ್ರವೇಶ ಕೊಡಬೇಕೆಂದು 'ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್'ನಲ್ಲಿ ಮೊದಲೇ ನಮೂದಿಸಬಹುದು. ಆ್ಯಪಲ್‌ನಲ್ಲಿ ಇದಕ್ಕೆ 'ಲೆಗಸಿ ಕಾಂಟ್ಯಾಕ್ಟ್' ಎಂಬ ವ್ಯವಸ್ಥೆಯಿದೆ. ಅಲ್ಲಿ ಮರಣ ಪ್ರಮಾಣಪತ್ರದ ಜೊತೆ ಒಂದು ಪ್ರವೇಶ ಕೀಲಿಯೂ ಬೇಕು. ಆ ಕೀಲಿಯನ್ನು ಮುದ್ರಿಸಿ ಬೀರುವಿನಲ್ಲಿ ಮನೆಪತ್ರ, ವಿಮೆ ಬಾಂಡುಗಳ ಜೊತೆಗಿಟ್ಟರೆ ಮುಂದೆ ಮನೆಯವರಿಗೆ ಹುಡುಕಾಟದ ಪಡಿಪಾಟಲು ತಪ್ಪುತ್ತದೆ.